ಟ್ರಾಕ್ಟರ್ ಎಂಜಿನ್ನಿನ ಶಕ್ತಿ ಕುಂದಿದಾಗ ಏನು ಮಾಡಬೇಕು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮಳೆಯಾಶ್ರಿತ ಬೇಸಾಯದಲ್ಲಿ ಬಿತ್ತನೆಯ ಹದ ಸಿಗುವುದು ಕೆಲವೇ ದಿನ. ಕೆಂಪು ಮಸಾರಿ ಭೂಮಿಯಲ್ಲಿ ಮಳೆ ನಿಂತ ಮೂರು ನಾಲ್ಕು ದಿನಗಳಲ್ಲಿ ಮೇಲ್ಮಣ್ಣು ಆರಿಹೋಗುತ್ತದೆ. ಎರೆ ಭೂಮಿಯಲ್ಲಿ ಹದ ಬರುವುದು ತಡ. ಬಂದದ್ದನ್ನು ಕಳೆದುಕೊಂಡರೆ ಹೆಂಟೆ ಗಟ್ಟಿಯಾಗುತ್ತದೆ. ಅಂಥ ದಿನಗಳಲ್ಲಿ ಟ್ರಾಕ್ಟರ್ ಕೈಕೊಟ್ಟರೆ ನಷ್ಟವಾಗುವುದು ರಿಪೇರಿಯ ಹಣ ಮಾತ್ರವಲ್ಲ, ಮುಂಗಾರಿನ ಬೆಳೆಯೂ ಹೌದು. ಬೇಸಾಯಶಾಸ್ತ್ರದ ಅಧ್ಯಾಪಕನಾದ ನಾನು ಎಂಜಿನ್ನಿನ ವಿಷಯ ಬರೆಯಲು ಇದೇ ಕಾರಣ.

ಹೊಳಲ್ಕೆರೆ ಕಡೆ ಮೆಕ್ಕೆಜೋಳ ಬಿತ್ತನೆಯ ಕಾಲದಲ್ಲಿ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ರೈತರೊಬ್ಬರ ಟ್ರಾಕ್ಟರ್ ಅರ್ಧ ಗಂಟೆ ಚೆನ್ನಾಗಿ ಉತ್ತು, ಎಳೆತ ಕುಂದಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತಿತ್ತು. ಡೀಸೆಲ್ ಪಂಪು ಕೆಟ್ಟಿದೆ ಎಂದು ಬಿಚ್ಚಿ ಪಟ್ಟಣಕ್ಕೆ ಕಳುಹಿಸಿದರು. ಪಂಪು ಮರಳಿ ಬರುವಷ್ಟರಲ್ಲಿ ನಾಲ್ಕು ದಿನ ಕಳೆದು ಹದ ಹಾರಿತ್ತು. ದೋಷ ಮಾತ್ರ ಹಾಗೆಯೇ ಇತ್ತು. ಕೊನೆಗೆ ನೋಡಿದರೆ, ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರ ಧೂಳಿನಿಂದ ಮುಚ್ಚಿಹೋಗಿತ್ತು! ಡೀಸೆಲ್ ಇಳಿದಷ್ಟೂ ಟ್ಯಾಂಕಿಗೆ ಗಾಳಿ ಬಾರದೆ ಹರಿವು ನಿಲ್ಲುತ್ತಿತ್ತು. ಒಂದು ಸೂಜಿಯಿಂದ ಮುಗಿಯುವ ಕೆಲಸಕ್ಕೆ ಬಿತ್ತನೆಯೇ ತಡವಾಯಿತು.

ಇದರಿಂದ ಕಲಿಯಬೇಕಾದ ಪಾಠ ಒಂದೇ: ಸುಲಭವಾದದ್ದನ್ನೂ ಖರ್ಚಿಲ್ಲದ್ದನ್ನೂ ಮೊದಲು ಪರೀಕ್ಷಿಸಿ, ದುಬಾರಿಯಾದದ್ದನ್ನು ಕೊನೆಗೆ ಬಿಚ್ಚಿಸಿ.

ಎಂಜಿನ್ನಿಗೆ ಬೇಕಾದದ್ದು ಏನು?

ಡೀಸೆಲ್ ಎಂಜಿನ್ನಿಗೆ ಮುಖ್ಯವಾಗಿ ಮೂರು ಬೇಕು: ಸಾಕಷ್ಟು ಶುದ್ಧ ಗಾಳಿ, ಸರಿಯಾದ ಹೊತ್ತಿಗೆ ಸರಿಯಾದ ಪ್ರಮಾಣದ ಡೀಸೆಲ್, ಮತ್ತು ಸಿಲಿಂಡರಿನಲ್ಲಿ ಬಿಗಿಯಾದ ಒತ್ತಡ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ೧೦,೦೦೦ ಲೀಟರ್ ಗಾಳಿ ಬೇಕು. ಶೇಂಗಾ ಬಿಡಿಸುವಾಗ, ರಾಗಿ ಒಕ್ಕುವಾಗ ಏಳುವ ಧೂಳಿನ ನಡುವೆ ಅಷ್ಟು ಗಾಳಿಯನ್ನು ಸೋಸುವ ಏರ್ ಕ್ಲೀನರಿನ ಕಷ್ಟವನ್ನು ನೀವೇ ಊಹಿಸಿ.

ಹೊಗೆಯ ಬಣ್ಣ ನೋಡಿ

ಕಪ್ಪು ಹೊಗೆ: ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ಹೊರೆ ಹೆಚ್ಚಿರಬಹುದು, ಇಲ್ಲವೆ ನಾಜಲ್ ತೊಟ್ಟಿಕ್ಕುತ್ತಿರಬಹುದು.

ಬಿಳಿ ಹೊಗೆ: ಚಳಿಯ ಮುಂಜಾನೆ ಕೆಲವು ನಿಮಿಷ ಬಂದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಂದರೆ ಡೀಸೆಲಿನಲ್ಲಿ ನೀರು, ಕಡಿಮೆ ಒತ್ತಡ ಅಥವಾ ಡೀಸೆಲ್ ಸಿಂಪಡಣೆಯ ಹೊತ್ತು ತಪ್ಪಿರುವುದು ಕಾರಣ. ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ನೀರು ಸಿಲಿಂಡರಿಗೆ ಸೋರುತ್ತಿರಬಹುದು, ಕೂಡಲೇ ನಿಲ್ಲಿಸಿ.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಗುರುತಿಗಿಂತ ಹೆಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವ್ ಗೈಡು ಸವೆದಿರಬಹುದು.

ಹೊಗೆಯಿಲ್ಲ, ಎಳೆತವೂ ಇಲ್ಲ: ಡೀಸೆಲ್ ಸಾಲುತ್ತಿಲ್ಲ. ಫಿಲ್ಟರ್ ಕಟ್ಟಿರುವುದು, ಪೈಪಿನಲ್ಲಿ ಗಾಳಿ ಸೇರಿರುವುದು ಅಥವಾ ಮೇಲೆ ಹೇಳಿದ ಮುಚ್ಚಳದ ರಂಧ್ರ ಇದಕ್ಕೆ ಕಾರಣ.

ಪರೀಕ್ಷೆಯ ಕ್ರಮ

೧. ಟ್ಯಾಂಕಿನ ಮುಚ್ಚಳ ಸಡಿಲಿಸಿ. ಗಾಳಿ ಒಳಗೆ ಎಳೆಯುವ ಶಬ್ದ ಕೇಳಿ ಎಂಜಿನ್ ಚೇತರಿಸಿಕೊಂಡರೆ ದೋಷ ಅಲ್ಲೇ ಇದೆ.

೨. ಆಯಿಲ್ ತುಂಬುವ ಬಗೆಯ ಏರ್ ಕ್ಲೀನರಿನಲ್ಲಿ ಕೆಸರು ತೆಗೆದು, ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಿ. ಒಕ್ಕಣೆಯ ಕಾಲದಲ್ಲಿ ಇದನ್ನು ದಿನವೂ ನೋಡಬೇಕು. ಒಣ ಫಿಲ್ಟರನ್ನು ನೆಲಕ್ಕೆ ಬಡಿಯಬೇಡಿ. ಒಳಗಿನ ಚಿಕ್ಕ ಫಿಲ್ಟರನ್ನು ತೊಳೆಯದೆ ಬದಲಾಯಿಸಿ.

೩. ಡೀಸೆಲ್ ಫಿಲ್ಟರಿನ ತಳದ ನೀರು ಬಿಡಿ. ಫಿಲ್ಟರ್ ಬದಲಿಸಿದ ಮೇಲೆ ಕೈಪಂಪು ಒತ್ತಿ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಿರಿ.

೪. ಎಂಜಿನ್ ಆರಿದ ಮೇಲೆ ರೇಡಿಯೇಟರಿನ ಜಾಲರಿಯ ಹೊಟ್ಟು, ಫ್ಯಾನ್ ಬೆಲ್ಟಿನ ಬಿಗಿ ಪರೀಕ್ಷಿಸಿ.

೫. ಇಷ್ಟಾದರೂ ಸರಿಯಾಗದಿದ್ದರೆ ಮಾತ್ರ ನುರಿತ ಮೆಕ್ಯಾನಿಕ್ಕರಿಂದ ವಾಲ್ವಿನ ಸಂದು, ನಾಜಲ್, ಸಿಲಿಂಡರಿನ ಒತ್ತಡ, ಕಡೆಗೆ ಪಂಪು ನೋಡಿಸಿ.

ಅಳತೆ ಮಾಡಿ, ಬರೆದಿಡಿ

ಸಮತಟ್ಟಾದ ಜಾಗದಲ್ಲಿ ಟ್ಯಾಂಕನ್ನು ಅಂಚಿನವರೆಗೆ ತುಂಬಿ. ಒಂದು ಗಂಟೆ ಉತ್ತು, ಅದೇ ಜಾಗಕ್ಕೆ ಬಂದು, ಲೀಟರ್ ಅಳತೆಯಿಂದ ಮತ್ತೆ ಅಂಚಿಗೆ ತುಂಬಿ. ಎಷ್ಟು ಹಿಡಿಯಿತೋ ಅದೇ ಆ ಗಂಟೆಯ ಖರ್ಚು. ೩೫ ಅಶ್ವಶಕ್ತಿಯ ಒಳ್ಳೆಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ೮ ಲೀಟರ್ ಕುಡಿಯುತ್ತದೆ. ಹಗುರ ಕೆಲಸದಲ್ಲಿ ಅದಕ್ಕಿಂತ ಕಡಿಮೆ. ಉತ್ತ ನೆಲ ಮತ್ತು ಡೀಸೆಲ್ ಎರಡನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ದೋಷ ಮೊದಲೇ ತಿಳಿಯುತ್ತದೆ.

ಕೆಲವೊಮ್ಮೆ ಎಂಜಿನ್ ಸರಿಯಿದ್ದು ಚಕ್ರ ಜಾರುತ್ತಿರುತ್ತದೆ. ಹಿಂದಿನ ಚಕ್ರಕ್ಕೆ ಸುಣ್ಣದ ಗುರುತು ಹಾಕಿ, ನೇಗಿಲು ಎತ್ತಿಕೊಂಡು ೧೦ ಸುತ್ತಿಗೆ ಸಾಗಿದ ದೂರ ಅಳೆಯಿರಿ. ನೇಗಿಲು ಇಳಿಸಿಯೂ ಅಳೆಯಿರಿ. ಮೊದಲನೆಯದು ೪೦ ಮೀಟರ್, ಎರಡನೆಯದು ೩೪ ಮೀಟರ್ ಆದರೆ ಜಾರಿಕೆ ಶೇಕಡ ೧೫. ಅದಕ್ಕಿಂತ ಹೆಚ್ಚಾದರೆ ಆಳ ಕಡಿಮೆ ಮಾಡಿ, ಇಲ್ಲವೆ ಚಕ್ರಕ್ಕೆ ತೂಕ ಸೇರಿಸಿ. ಬೆಳೆಗೆ ಬೇಡದ ಆಳಕ್ಕೆ ಉಳುವುದು ಡೀಸೆಲಿಗೂ ದಂಡ, ತೇವಕ್ಕೂ ದಂಡ.

ಹೊಸ ಟ್ರಾಕ್ಟರುಗಳು

೨೦೨೩ರ ಜನವರಿಯಿಂದ ೫೦ ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಜಾರಿಯಾಗಿದೆ. ಇಂಥ ಹಲವು ಎಂಜಿನ್ನುಗಳಲ್ಲಿ, ಇಂದಿನ ಓಟದ ಕಾರುಗಳಲ್ಲಿರುವಂತೆ, ಡೀಸೆಲಿನ ಪ್ರಮಾಣವನ್ನು ಗಣಕ ನಿರ್ಧರಿಸುತ್ತದೆ. ದೀಪ ಹೊತ್ತಿದರೆ ಸ್ಕ್ಯಾನರ್ ಒಂದು ಸಂಕೇತ ಸಂಖ್ಯೆ ತೋರಿಸುತ್ತದೆ. ಆದರೆ ಯಾವ ಅಳತೆ ತಪ್ಪಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ, ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಗಾಳಿಯ ಒತ್ತಡ ಕಡಿಮೆ ಎಂದು ತೋರಿಸಿದರೆ ಟರ್ಬೊ ಕೊಳ್ಳುವ ಮೊದಲು ಗಾಳಿ ಕೊಳವೆಯ ಕ್ಲಿಪ್ಪು ಸಡಿಲವಾಗಿದೆಯೇ ನೋಡಿ. ಇವುಗಳ ಡೀಸೆಲ್ ಪೈಪುಗಳಲ್ಲಿ ಸಾವಿರ ಬಾರ್ ಮೀರಿದ ಒತ್ತಡವಿರುತ್ತದೆ; ಎಂಜಿನ್ ನಡೆಯುವಾಗ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರುತ್ತದೆ.

ಇನ್ನೊಂದು ಎಚ್ಚರಿಕೆ. ಹೆಚ್ಚು ಶಕ್ತಿಯ ಆಸೆಗೆ ಪಂಪಿನ ಮುದ್ರೆ ಒಡೆದು ಸ್ಕ್ರೂ ತಿರುಗಿಸುವುದು, ಗಣಕದ ಲೆಕ್ಕ ಬದಲಿಸುವುದು ಸಲ್ಲದು. ಗಾಳಿ ಹೆಚ್ಚದೆ ಡೀಸೆಲ್ ಹೆಚ್ಚಿದರೆ ಬರುವುದು ಕಪ್ಪು ಹೊಗೆ, ಅತಿ ಬಿಸಿ ಮತ್ತು ಪಿಸ್ಟನ್ನಿನ ಸವೆತ.

ರೈತ ಬಾಂಧವರು ಈ ಪರೀಕ್ಷೆಗಳನ್ನು ಹದಮಳೆ ಬೀಳುವ ಮುನ್ನ, ಬೇಸಿಗೆಯಲ್ಲೇ ಮುಗಿಸಬೇಕು. ವಿಸ್ತರಣಾ ಕಾರ್ಯಕರ್ತರು ಊರಿನ ಒಂದು ಟ್ರಾಕ್ಟರಿನ ಮೇಲೆ ಡೀಸೆಲ್ ಅಳತೆಯನ್ನು ಎಲ್ಲರೆದುರು ಮಾಡಿ ತೋರಿಸಿದರೆ ಒಳ್ಳೆಯದು. ಬಿತ್ತುವ ದಿನ ಬಂದಾಗ ಟ್ರಾಕ್ಟರ್ ಹೊಲದಲ್ಲಿರಬೇಕೇ ಹೊರತು ವರ್ಕ್‌ಷಾಪಿನಲ್ಲಲ್ಲ.