ಸೊಂಟದ ಸಹಜ ಬಾಗು ಮತ್ತು ಕಿರುಗಾಯದ ಶಸ್ತ್ರಚಿಕಿತ್ಸೆ

ಮನುಷ್ಯನು ನೆಟ್ಟಗೆ ನಿಲ್ಲಬೇಕಾದರೆ ಅವನ ಸೊಂಟವು ಒಳಕ್ಕೆ ಬಾಗಿರಬೇಕು. ಹಸುಗೂಸಿನ ಬೆನ್ನು ಹೊರಕ್ಕೆ ಬಾಗಿದ ಬಿಲ್ಲಿನಂತಿರುತ್ತದೆ. ಮಗು ತಲೆ ನಿಲ್ಲಿಸಿದಾಗ ಕುತ್ತಿಗೆಯ ಬಾಗು, ಎದ್ದು ನಡೆಯತೊಡಗಿದಾಗ ಸೊಂಟದ ಬಾಗು ರೂಪುಗೊಳ್ಳುತ್ತವೆ. ಸೊಂಟದ ಐದು ಕಶೇರುಕಗಳ ಈ ಒಳಬಾಗು ಸಾಮಾನ್ಯವಾಗಿ 40ರಿಂದ 60 ಡಿಗ್ರಿಯಷ್ಟಿದ್ದು, ಅದರ ಸುಮಾರು ಮೂರನೆಯ ಎರಡು ಪಾಲು ಕೆಳಗಿನ ಎರಡು ಸಂಧಿಗಳಲ್ಲಿಯೇ ಇರುತ್ತದೆ. ಡಿಸ್ಕ್ ಎಂದು ಕರೆಯುವ ಮೆತ್ತೆಗಳು ಹೆಚ್ಚಾಗಿ ಸವೆಯುವುದೂ ಅಲ್ಲಿಯೇ.

ಮೆತ್ತೆ ಕುಸಿದಾಗ ಸೊಂಟ ಚಪ್ಪಟೆಯಾಗಿ ದೇಹದ ಭಾರ ಮುಂದಕ್ಕೆ ವಾಲುತ್ತದೆ. ಅದನ್ನು ಸರಿದೂಗಿಸಲು ರೋಗಿಯು ಮೊಣಕಾಲುಗಳನ್ನು ಮಡಿಸಿ ನಿಲ್ಲುತ್ತಾನೆ. ಬೆಳಿಗ್ಗೆ ನೆಟ್ಟಗಿದ್ದವರು ಸಂಜೆಯ ಹೊತ್ತಿಗೆ ಬಾಗುತ್ತಾರೆ. ಇದನ್ನು ಮುಪ್ಪಿನ ಗೂನೆಂದು ಮನೆಯವರು ಸುಮ್ಮನಾಗುತ್ತಾರೆ.

ನಾನೂ ಒಮ್ಮೆ ಹೀಗೆಯೇ ತಪ್ಪಿದೆನು. ನಿವೃತ್ತ ಶಿಕ್ಷಕಿಯೊಬ್ಬರು ಅಡುಗೆಕಟ್ಟೆಗೆ ಮೊಣಕೈ ಊರದೆ ನಿಲ್ಲಲಾರದ ಸ್ಥಿತಿಯಲ್ಲಿ ನನ್ನ ಬಳಿಗೆ ಬಂದರು. ಮಲಗಿಸಿ ತೆಗೆದ ಎಕ್ಸ್‌ರೇ ನೋಡಿ, ವಯೋಸಹಜ ಸವೆತವೆಂದು ಬಗೆದು, ಎಂಟು ತಿಂಗಳು ಅಭ್ಯಂಗ, ಕಟಿಬಸ್ತಿಗಳನ್ನು ಮಾಡಿಸಿದೆನು. ನೋವು ತಗ್ಗಿತು, ಬಾಗುವುದು ಹೆಚ್ಚಿತು. ಒಂದು ಪಾದದ ಬಲ ಕುಂದಿದಾಗ ಬೆನ್ನೆಲುಬಿನ ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆನು. ಅವರು ನಿಲ್ಲಿಸಿ, ಪಾರ್ಶ್ವದಿಂದ ತೆಗೆಸಿದ ಎಕ್ಸ್‌ರೇಯಲ್ಲಿ ಚಪ್ಪಟೆಯಾದ ಸೊಂಟ ಸ್ಪಷ್ಟವಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಆ ತಾಯಿ ನೆಟ್ಟಗೆ ನಿಂತರು. ಆದರೆ ಪಾದದ ಬಲ ಪೂರ್ಣವಾಗಿ ಮರಳಲಿಲ್ಲ. ಆ ವಿಳಂಬದ ಹೊಣೆ ನನ್ನದು.

ಕಟಿಗ್ರಹ, ಗೃಧ್ರಸಿಗಳಲ್ಲಿ ನಮ್ಮ ಚಿಕಿತ್ಸೆಯಿಂದ ಉಪಶಮನ ಪಡೆದವರು ಬಹಳ ಮಂದಿ. ಆದರೆ ಕುಸಿದ ಸಂಧಿಯನ್ನು ತೈಲವು ಮೇಲಕ್ಕೆತ್ತಲಾರದು. ಆಯುರ್ವೇದದ ಎಂಟು ಅಂಗಗಳಲ್ಲಿ ಶಲ್ಯತಂತ್ರವೂ ಒಂದೆಂಬುದನ್ನು ನಾವು ಮರೆಯಬಾರದು.

ಸವೆದ ಮೆತ್ತೆಯನ್ನು ತೆಗೆದು ಎರಡು ಕಶೇರುಕಗಳನ್ನು ಒಂದಾಗಿ ಬೆಸೆಯುವುದೇ ಈ ಶಸ್ತ್ರಚಿಕಿತ್ಸೆ. ಇಲ್ಲಿ ಮುಖ್ಯವಾದುದು ಮೂಳೆ ಬೆಸೆಯಿತೇ ಎಂಬುದಷ್ಟೇ ಅಲ್ಲ, ಯಾವ ಆಕಾರದಲ್ಲಿ ಬೆಸೆಯಿತು ಎಂಬುದು. 1960ರ ದಶಕದಲ್ಲಿ ಅಮೆರಿಕದ ಪಾಲ್ ಹ್ಯಾರಿಂಗ್ಟನ್ ಅವರ ಲೋಹದ ಸರಳುಗಳು ಪಕ್ಕಕ್ಕೆ ಡೊಂಕಾದ ಬೆನ್ನನ್ನು ನೇರಗೊಳಿಸಿದವು. ಆದರೆ ಸರಳು ಸೊಂಟದವರೆಗೂ ಇಳಿದ ಅನೇಕರಲ್ಲಿ ಒಳಬಾಗು ಅಳಿಸಿಹೋಗಿ, ವರ್ಷಗಳ ನಂತರ ಅವರು ಮುಂದಕ್ಕೆ ಬಾಗಿದರು. ಆ ಅನುಭವದಿಂದ ವೈದ್ಯಲೋಕವು ಪಾಠ ಕಲಿಯಿತು. ಇಂದು ಶ್ರೋಣಿಯ ಮೂಳೆಯ ಕೋನವನ್ನು ಅಳೆದು, ಆಯಾ ರೋಗಿಗೆ ಎಷ್ಟು ಬಾಗು ಬೇಕೆಂದು ಮೊದಲೇ ಲೆಕ್ಕಹಾಕುತ್ತಾರೆ.

ಕಿರುಗಾಯದ ವಿಧಾನದಲ್ಲಿ ಬೆನ್ನಿನ ಸ್ನಾಯುಗಳನ್ನು ಮೂಳೆಯಿಂದ ಬಿಡಿಸುವುದಿಲ್ಲ. ಸುಮಾರು ಒಂದು ಅಂಗುಲದ ಗಾಯದಲ್ಲಿ ಕೊಳವೆಯನ್ನು ಇಳಿಸಿ, ಸ್ನಾಯುಗಳನ್ನು ಸರಿಸಿ, ಮೆತ್ತೆಯನ್ನು ತೆಗೆಯುತ್ತಾರೆ. ಆ ಜಾಗದಲ್ಲಿ ಮುಂದೆ ಎತ್ತರ, ಹಿಂದೆ ತಗ್ಗು ಇರುವ ಬೆಣೆಯಾಕಾರದ ಕೇಜನ್ನು ಮೂಳೆಯ ಚೂರುಗಳೊಡನೆ ಕೂರಿಸುತ್ತಾರೆ. ಈ ಬೆಣೆಯೇ ಬಾಗನ್ನು ಮರಳಿಸುವುದು. ಬಳಿಕ ಚರ್ಮದ ಸಣ್ಣ ರಂಧ್ರಗಳ ಮೂಲಕ ಸ್ಕ್ರೂ, ಸರಳುಗಳನ್ನು ಬಿಗಿಯುತ್ತಾರೆ. ಹೆಚ್ಚು ಬಾಗು ಬೇಕಾದಾಗ ಹೊಟ್ಟೆಯ ಮುಂಭಾಗದಿಂದ ಅಥವಾ ಪಕ್ಕೆಯಿಂದ ದೊಡ್ಡ ಕೇಜ್ ಇಡುವುದುಂಟು. ರಕ್ತನಷ್ಟ ಕಡಿಮೆ, ರೋಗಿಯು ಬೇಗನೆ ಎದ್ದು ಓಡಾಡುತ್ತಾನೆ.

ಆದರೆ ಗಾಯ ಚಿಕ್ಕದೆಂದು ಅಪಾಯವಿಲ್ಲವೆಂದಲ್ಲ. ಸೋಂಕು, ನರಕ್ಕೆ ಪೆಟ್ಟು, ಮೂಳೆ ಬೆಸೆಯದಿರುವುದು, ಪಕ್ಕದ ಸಂಧಿ ಬೇಗ ಸವೆಯುವುದು ಇವೆಲ್ಲ ಸಾಧ್ಯ. ಪಕ್ಕೆಯ ಮಾರ್ಗದಲ್ಲಿ ಕೆಲಕಾಲ ತೊಡೆ ಜೋಮು ಹಿಡಿಯಬಹುದು. ತೀರ ಬಿಗಿದುಕೊಂಡ ದೊಡ್ಡ ವಿರೂಪಕ್ಕೆ ತೆರೆದ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಕೇವಲ ಸೊಂಟನೋವಿರುವ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯೇ ಬೇಕಿಲ್ಲ. ವ್ಯಾಯಾಮ, ತೂಕದ ನಿಯಂತ್ರಣ, ಔಷಧಗಳೇ ಸಾಕು.

ಆದರೆ ಮಲಮೂತ್ರಗಳ ಹಿಡಿತ ತಪ್ಪಿದರೆ, ಆಸನದ ಭಾಗ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಗ ತೈಲ ಹಚ್ಚುತ್ತ, ಬೆನ್ನು ತಿಕ್ಕಿಸುತ್ತ ಕೂರಬಾರದು.

ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ವೈದ್ಯರನ್ನು ಕೇಳಿರಿ: ನಿಲ್ಲಿಸಿ ಎಕ್ಸ್‌ರೇ ತೆಗೆಯಲಾಗಿದೆಯೇ? ನನಗೆ ಎಷ್ಟು ಬಾಗು ಬೇಕು, ಎಷ್ಟು ಮರಳುತ್ತದೆ? ಮೂಳೆಯ ಸಾಂದ್ರತೆ ಪರೀಕ್ಷಿಸಿದ್ದೀರಾ? ಸೇವಿಸುತ್ತಿರುವ ಕಷಾಯ, ಗುಗ್ಗುಲು ಮಾತ್ರೆಗಳನ್ನೂ ಅವರಿಗೆ ತಿಳಿಸಿರಿ. ಕೆಲವು ರಕ್ತ ಹೆಪ್ಪುಗಟ್ಟುವುದರ ಮೇಲೆ ಪರಿಣಾಮ ಬೀರಬಲ್ಲವು. ಬೀಡಿ, ಸಿಗರೇಟು, ತಂಬಾಕುಗಳನ್ನು ಬಿಡಲೇಬೇಕು. ಅವು ಮೂಳೆಯ ಬೆಸುಗೆಗೆ ಅಡ್ಡಿ.

ಮೂಳೆ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಅಲ್ಲಿಯವರೆಗೆ ಭಾರ ಎತ್ತಬಾರದು, ಬಾಗಿ ತಿರುಗಬಾರದು, ದಿನವೂ ನಡೆಯಬೇಕು. ಗಾಯ ಪೂರ್ಣ ಮಾಯುವವರೆಗೆ ತೈಲ ಬೇಡ. ನೆಲದ ಮೇಲೆ ಕುಳಿತು ಪೂಜೆ ಮಾಡುವವರು ವೈದ್ಯರು ಅನುಮತಿಸುವವರೆಗೆ ಕುರ್ಚಿಯ ಮೇಲೆ ಕುಳಿತು ಮಾಡಲಿ. ಅದರಿಂದ ಪೂಜೆಗೆ ಕೊರತೆಯಿಲ್ಲ.

ನಿಮ್ಮ ಮನೆಯ ಹಿರಿಯರು ಸಂಜೆ ಹೇಗೆ ನಿಲ್ಲುತ್ತಾರೆಂಬುದನ್ನು ಇಂದೇ ಒಮ್ಮೆ ಪಕ್ಕದಿಂದ ನೋಡಿರಿ. ಅವರು ದಿನೇ ದಿನೇ ಮುಂದಕ್ಕೆ ಬಾಗುತ್ತಿದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟದೆ ವೈದ್ಯರಿಗೆ ತೋರಿಸಿರಿ.