ಟಿಟಾಗಢದ ಕಮ್ಮಾರನ ಉಗಿಯಂತ್ರ

ಉಗಿಯಂತ್ರವೆಂದೊಡನೆ ನಮಗೆ ನೆನಪಾಗುವುದು ಜೇಮ್ಸ್ ವಾಟನ ಹೆಸರು. ಆದರೆ ನಮ್ಮ ದೇಶದ ಕಮ್ಮಾರನೊಬ್ಬನು 1828ರಷ್ಟು ಹಿಂದೆಯೇ ಅಂತಹ ಯಂತ್ರವೊಂದನ್ನು ತಾನೇ ನಿರ್ಮಿಸಿದನೆಂಬುದು ಬಹು ಮಂದಿಗೆ ತಿಳಿಯದು. ಆತನ ಹೆಸರು ಗೋಲಕಚಂದ್ರ. ಊರು ಕಲ್ಕತ್ತೆಯ ಸಮೀಪದ ಟಿಟಾಗಢ.

ಹೂಗ್ಲಿ ನದಿಯ ಆಚೆಯ ದಡದಲ್ಲಿ ಶ್ರೀರಾಮಪುರವಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾದುದು ಅಲ್ಲಿಯ ಮಿಷನ್ ಮುದ್ರಣಾಲಯದಲ್ಲಿಯೇ. ಮುದ್ರಣಕ್ಕೆ ಬೇಕಾದ ಕಾಗದವನ್ನೂ ಮಿಷನರಿಗಳು ತಯಾರಿಸುತ್ತಿದ್ದರು. ಕಾಗದದ ಗಿರಣಿಯ ಚಕ್ರವನ್ನು ಆಳುಗಳು ಕಾಲಿನಿಂದ ತುಳಿದು ತಿರುಗಿಸಬೇಕಾಗಿತ್ತು. ಹಾಗೆ ತುಳಿಯುತ್ತಿದ್ದವನೊಬ್ಬನು ಪ್ರಾಣಬಿಟ್ಟ ಮೇಲೆ, ಇಂಗ್ಲೆಂಡಿನಿಂದ 12 ಅಶ್ವಶಕ್ತಿಯ ಉಗಿಯಂತ್ರವೊಂದನ್ನು ತರಿಸಿ 1820ರಲ್ಲಿ ಸ್ಥಾಪಿಸಿದರು. ಗೋಲಕಚಂದ್ರನಿಗೆ ಮಾದರಿಯಾದುದು ಈ ಯಂತ್ರವೇ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆ ಕಮ್ಮಾರಸಾಲೆಯ ಮುಂದೆ ನಿಂತು ನೋಡಿದ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಕತ್ತಿಯ ಅಲಗು ಕೂದಲೆಳೆಯಷ್ಟು ದಪ್ಪವಾದರೂ ಅದು ಕೆಲಸಕ್ಕೆ ಬಾರದೆ ಹೋಗುವುದಿಲ್ಲ. ಉಗಿಯಂತ್ರದ ಸಂಗತಿ ಹಾಗಲ್ಲ. ಕುದಿಯುವ ನೀರು ಸಾಧಾರಣ ವಾಯುಭಾರದಲ್ಲಿ ಉಗಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಿಗ್ಗುವ ಉಗಿಯು ಸಿಲಿಂಡರಿನೊಳಗಿನ ಆಡುಬೆಣೆಯನ್ನು ತಳ್ಳಬೇಕು. ಬೆಣೆ ಸಡಿಲವಾದರೆ ಉಗಿಯು ಸಂದಿನಿಂದ ಸೋರಿಹೋಗುವುದು. ಬಿಗಿಯಾದರೆ ಶಕ್ತಿಯೆಲ್ಲ ಘರ್ಷಣೆಯಲ್ಲಿಯೇ ವ್ಯಯವಾಗುವುದು. ವಾಟನಿಗೇ ಸರಿಯಾದ ಸಿಲಿಂಡರು ದೊರೆಯದೆ ವರ್ಷಗಟ್ಟಲೆ ಕಾಯಬೇಕಾಯಿತು. ಜಾನ್ ವಿಲ್ಕಿನ್ಸನ್ 1774ರಲ್ಲಿ ಕೊರೆಯುವ ಯಂತ್ರವನ್ನು ರಚಿಸಿದ ಬಳಿಕವೇ ಆ ತೊಡಕು ಬಿಡಿಸಿದುದು. ಗೋಲಕಚಂದ್ರನಾದರೋ ಐರೋಪ್ಯ ಕುಶಲಿಗರ ಯಾವ ನೆರವೂ ಇಲ್ಲದೆ ತನ್ನ ಯಂತ್ರವನ್ನು ಮಾಡಿದನೆಂದು ಆ ಕಾಲದ ವರದಿಯೇ ಹೇಳುತ್ತದೆ.

ಕಮ್ಮಾರನು ಯಂತ್ರೋದ್ಯಮಿಯಾಗಲು ಕೈಚಳಕವೊಂದೇ ಸಾಲದೆಂಬುದಕ್ಕೆ ಮ್ಯಾಥ್ಯೂ ಮರೆಯ ಜೀವನವನ್ನು ನೋಡಬಹುದು. ಇಂಗ್ಲೆಂಡಿನ ಈತನೂ ಲೋಹ ಬಡಿಯುವ ಕೆಲಸದಿಂದಲೇ ಆರಂಭಿಸಿದವನು. 1789ರಲ್ಲಿ ಲೀಡ್ಸ್ ಪಟ್ಟಣಕ್ಕೆ ಬಂದ ಆತನಿಗೆ ಜಾನ್ ಮಾರ್ಷಲನ ನಾರಿನ ಗಿರಣಿಯಲ್ಲಿ ಕೆಲಸವೂ, ಬಳಿಕ ಹಣವುಳ್ಳ ಪಾಲುಗಾರರೂ ದೊರೆತರು. ಆತನ ಕಾರ್ಖಾನೆ ವಾಟನ ಸಂಸ್ಥೆಗೇ ಎದುರಾಳಿಯಾಗಿ ಬೆಳೆಯಿತು. 1812ರಲ್ಲಿ ಅದರಿಂದ ಕಲ್ಲಿದ್ದಲ ಬಂಡಿಗಳನ್ನೆಳೆಯುವ ರೈಲು ಎಂಜಿನೂ ಹೊರಬಂದಿತು.

ಗೋಲಕಚಂದ್ರನ ಯಂತ್ರವು 1828ರ ಜನವರಿಯಲ್ಲಿ ಕಲ್ಕತ್ತೆಯ ಕೃಷಿ-ತೋಟಗಾರಿಕಾ ಸಂಘದ ಪ್ರದರ್ಶನಕ್ಕೆ ಬಂದಿತು. ಅದನ್ನು ನೀರೆತ್ತುವ ಪಂಪಿಗೆ ಜೋಡಿಸಬಹುದಾಗಿತ್ತು. ಬೇಸಗೆಯಲ್ಲಿ ಏತ ತುಳಿದು ಅಡಕೆ ತೋಟಕ್ಕೆ ನೀರೂಡಿಸಿದ ನಮ್ಮ ಸೀಮೆಯ ಹಿರಿಯರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಸಂಘವು ಯಂತ್ರವನ್ನು ಮೆಚ್ಚಿ ಆತನಿಗೆ 50 ರೂಪಾಯಿಗಳ ಬಹುಮಾನವನ್ನಿತ್ತಿತು.