ಮೊದಲು ಪ್ರೊಸೆಸರೋ, ಗ್ರಾಫಿಕ್ಸ್ ಕಾರ್ಡೋ?

ಗೇಮಿಂಗ್ ಕಂಪ್ಯೂಟರ್ ಹಳೆಯದಾಯಿತೆಂದರೆ ಎಲ್ಲರ ಕಣ್ಣು ಮೊದಲು ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿರುವುದು 2019ರ ಕೊನೆಗೆ ಜೋಡಿಸಿದ್ದು: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1660 ಸೂಪರ್. 2024ರ ಬೇಸಿಗೆಯಲ್ಲಿ ಕೌಂಟರ್ ಸ್ಟ್ರೈಕ್ 2 ತಡವರಿಸತೊಡಗಿದಾಗ ಅಂಗಡಿಯಲ್ಲಿ ಸಿಕ್ಕ ಸಲಹೆ, ‘ಕಾರ್ಡ್ ಹಳೇದಾತ್ರಿ, ಹೊಸಾದು ಹಾಕಸ್ರಿ’. ಅಂದರೆ ಇಪ್ಪತ್ತು ಸಾವಿರದ ಮಾತು.

ಅಷ್ಟು ಹಣ ಎಣಿಸುವ ಮೊದಲು ಪೈಸೆ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಆಟದ ರೆಸಲ್ಯೂಶನ್ ಅನ್ನು ಪೂರ್ತಿ ಇಳಿಸಿ ನೋಡಬೇಕು. ಆಗ ಕಾರ್ಡಿನ ಹೊರೆ ಇಳಿಯುತ್ತದೆ, ಪ್ರೊಸೆಸರಿನದು ಹಾಗೇ ಉಳಿಯುತ್ತದೆ. ಫ್ರೇಮ್ ಏರಿದರೆ ತಡೆ ಕಾರ್ಡಿನದು. ಏರದಿದ್ದರೆ ಪ್ರೊಸೆಸರ್ ಅಥವಾ ರ‍್ಯಾಮಿನದು. ನಮ್ಮದರಲ್ಲಿ ಏರಲಿಲ್ಲ.

ಹಾಗಾಗಿ ಮೊದಲ ಖರ್ಚು ಧೂಳಿಗೆ. ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ಸುತ್ತಮುತ್ತ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿಟಕಿ ಮುಚ್ಚಿದರೂ ಫ್ಯಾನಿನ ಮೇಲೆ ಕೆಂಪು ಪದರ ಕೂರುತ್ತದೆ. ಬಿಸಿ ಮಿತಿ ಮುಟ್ಟಿದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಹೊಸ ಥರ್ಮಲ್ ಪೇಸ್ಟ್‌ಗೆ ಕೆಲವು ನೂರು ರೂಪಾಯಿ ಸಾಕು. ಬೇಸಿಗೆಯ ತಡವರಿಕೆಯ ಒಂದು ಪಾಲು ಅಲ್ಲೇ ಹೋಯಿತು.

ಎರಡನೆಯದು ಇನ್ನೊಂದು 8 ಜಿಬಿ ಸ್ಟಿಕ್. ಒಂದೇ ಸ್ಟಿಕ್ ಇದ್ದರೆ ಒಂದೇ ಚಾನೆಲ್ ನಡೆಯುತ್ತದೆ; ಜೋಡಿಯಾದರೆ ದಾರಿ ಇಮ್ಮಡಿ. ಆಗ ಎರಡು ಸಾವಿರದೊಳಗೆ ಸಿಕ್ಕಿತ್ತು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ಏರಿದ್ದು ನೋಡಿದರೆ, ಅದು ತಕ್ಕ ಹೊತ್ತಿನ ಖರೀದಿ.

ಮೂರನೆಯದೇ ದೊಡ್ಡದು: ರೈಜೆನ್ 5 5600. ಇದು 2022ರಲ್ಲಿ ಬಂದ ಪ್ರೊಸೆಸರ್. ಆದರೂ 2018ರ ಬಿ450 ಬೋರ್ಡಿನ ಬಯಾಸ್ ನವೀಕರಿಸಿದರೆ ಅದರಲ್ಲೇ ಕೂರುತ್ತದೆ. ಬೋರ್ಡ್, ರ‍್ಯಾಮ್, ಪವರ್ ಸಪ್ಲೈ ಯಾವುದೂ ಬದಲಾಗಬೇಕಿಲ್ಲ. ಇಂಥ ಎಎಂ4 ಸಾಕೆಟ್‌ನ ಬೋರ್ಡ್ ಇಟ್ಟುಕೊಂಡವರ ಈ ಭಾಗ್ಯ ಇಂಟೆಲ್ ನಾಲ್ಕನೇ ತಲೆಮಾರಿನ ಪ್ರೊಸೆಸರ್ ಇರುವವರಿಗಿಲ್ಲ. ಅವರ ಡಿಡಿಆರ್3 ರ‍್ಯಾಮ್ ಈಗಿನ ಯಾವ ಹೊಸ ಯಂತ್ರಕ್ಕೂ ಬರುವುದಿಲ್ಲ. ವಿಂಡೋಸ್ 11ರ ಅರ್ಹ ಪಟ್ಟಿಯಲ್ಲೂ ಆ ಪ್ರೊಸೆಸರ್ ಇಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥ ಯಂತ್ರಕ್ಕೆ ಎಸ್‌ಎಸ್‌ಡಿ ಹೊರತು ಬೇರೇನೂ ಹಾಕಬೇಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಎಸ್‌ಎಸ್‌ಡಿಯಾದರೆ ಕಳಚಿ ಮುಂದಿನದಕ್ಕೆ ಒಯ್ಯಬಹುದು.

ಹಳೆಯ 2600 ಮಾರಿದ್ದರಿಂದ ಒಂದಿಷ್ಟು ವಾಪಸಾಯಿತು. ಕೊಳ್ಳುವಾಗ ‘ನೋ ಕಾಸ್ಟ್ ಇಎಂಐ’ ಬೇಡವೆಂದೆ: ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ಗ್ರಾಹಕನದೇ, ಸಂಸ್ಕರಣಾ ಶುಲ್ಕ ಬೇರೆ. ಜಿಎಸ್‌ಟಿ ಬಿಲ್ ಮಾತ್ರ ಬಿಡಲಿಲ್ಲ, ವಾರಂಟಿ ನಿಲ್ಲುವುದೇ ಅದರ ಮೇಲೆ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಆಸೆ ನನಗೂ ಇದೆ. ಆದರೆ 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದಿವೆ. ಕಣ್ಣೆದುರು ಓಡಿಸಿ ತೋರಿಸದವರಿಂದ ಕೊಳ್ಳುವುದಿಲ್ಲ. ಮುಂದಿನ ಎಎಂ5 ಸಾಕೆಟ್ ಡಿಡಿಆರ್5 ಬಿಟ್ಟು ಬೇರೆ ರ‍್ಯಾಮ್ ಒಪ್ಪದ ಕಾರಣ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೇ ಹೋಗುತ್ತವೆ. ಅದಕ್ಕೆಂದೇ ಅಂಚೆ ಕಚೇರಿಯಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ಆರ್‌ಡಿ ತೆರೆದಿದ್ದೇನೆ. ಅದು ಮಾಗುವವರೆಗೆ 1660 ಸೂಪರೇ ಇರಲಿ.